ಹತ್ತನೆಯ ವಾಕ್ಯ

ಮಡಿಕೇರಿ, ೧೦-೭-೧೯೫೨

ಅವ್ವನಿಗೆ ನಮಸ್ಕಾರ. ತೋಟದ ಲೆಕ್ಕ ಬರೆಯುವ ರೈಟರಣ್ಣ ಇದನ್ನು ಓದಿ ಹೇಳಲಿ.

‘ಬ್ರಿಂಗ್’ ಎಂಬ ಕ್ರಿಯಾಪದಕ್ಕೆ ಮನೆಯಲ್ಲಿ ಕೇಳಿದ ಹತ್ತು ವಾಕ್ಯ ಬರೆಯಿರಿ ಎಂದರು ಇಂಗ್ಲಿಷ್ ಮೇಷ್ಟ್ರು. “ನಿಂಗೇನು ಬಿಡೇ, ಬಿಳಿ ದೊರೆ ಮಗಳು!” ಎಂದಳು ಪಕ್ಕದಲ್ಲಿ ಕೂರುವ ವನಜ. ಬಂಗಲೆಯಲ್ಲಿ ಅಪ್ಪ ನಿನಗೆ ಹೇಳುತ್ತಿದ್ದುದನ್ನೇ ಬರೆದೆ: ಟೀ ತಾ, ಬೂಟ್ಸು ತಾ, ಬಿಸಿನೀರು ತಾ. ಹೀಗೇ ಒಂಬತ್ತಾಯಿತು. ಹತ್ತನೆಯದು, ‘ಮಗಳನ್ನು ಕರೆದುಕೊಂಡು ಬಾ.’ ಇಂಗ್ಲಿಷಿನಲ್ಲಿ ಅದಕ್ಕೂ ಅದೇ ಮಾತು. ಅವರು ಎಂದೂ ಹೇಳದ ಮಾತು.

ಕೂತಲ್ಲಿ ಕೂರಲಾಗುತ್ತಿಲ್ಲ, ಅವ್ವ. ಶನಿವಾರದೊಳಗೆ ಅರ್ಜಿಗೆ ತಂದೆಯ ಸಹಿ ಬೀಳದಿದ್ದರೆ ಕಾಲೇಜಿನಿಂದ ನನ್ನ ಹೆಸರು ಹೊಡೆದುಹಾಕುತ್ತಾರಂತೆ. ಅರ್ಜಿ ಇದರ ಜೊತೆಗಿದೆ. ಅಪ್ಪ ಇಂಗ್ಲೆಂಡಿಗೆ ಹಡಗು ಹತ್ತುವ ಮೊದಲು ಕೇಳು. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಬೇಡ, ಮುಂದೆ ಹೋಗು.

ಆಗುವುದಿಲ್ಲ ಎಂದರೆ ನೀನೇ ಬಾ, ಹೆಬ್ಬೆಟ್ಟು ಒತ್ತು. ಕಾಲೇಜಿನ ಗೇಟಿನಲ್ಲಿ “ಇದ್ಯಾರು?” ಅಂದರೆ, ಹೋದ ಸಲದ ಹಾಗೆ ನಮ್ಮ ಆಯಾ ಅನ್ನುವುದಿಲ್ಲ.

ನಿನ್ನ ಮಗಳು,
ಗಿರಿಜೆ