ಈ ಮನೆ ಯಾರಿಗೆ ಕಟ್ಟುತ್ತೀ

ಸತ್ತಿ,
೪ ಏಪ್ರಿಲ್ ೧೯೮೯

ಚಿ. ಸುಂದರಾಳಿಗೆ ನಿನ್ನ ಮಾವ ವಿರುಪಾಕ್ಷಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಹೋಳಿ ಹುಣ್ಣಿಮೆಗೂ ಮೊದಲೇ ಕೈಸೇರಿತ್ತು. ಉತ್ತರ ಬರೆಯುವಷ್ಟರಲ್ಲಿ ಯುಗಾದಿ ಹತ್ತಿರ ಬಂತು, ಬೇಸರ ಮಾಡಿಕೊಳ್ಳಬೇಡ. ದಿನಚರಿಯಲ್ಲಾದರೆ ಹೊಲದ ಕೆಲಸ ಬರೆದು ಮುಚ್ಚಿಡುತ್ತೇನೆ, ಪತ್ರಕ್ಕೆ ಅಷ್ಟು ಸಾಲುವುದಿಲ್ಲ. ಎರಡು ಸಾಲಿಗೆ ಒಮ್ಮೆ ಎದ್ದು ಉಸುಕಿನ ಗುಂಪಿ ಸುತ್ತಿ ಬರುತ್ತಿದ್ದೇನೆ.

ಮನೆಯ ಕೆಲಸ ಮತ್ತೆ ಸುರುವಾಗಿದೆ. ಕಬ್ಬಿನ ಟ್ರೇಲರ್ ಉರುಳಿ ಮಗ ರಾವಸಾಹೇಬ ಹೋದಾಗ ಗೋಡೆ ಕಿಟಕಿಮಟ್ಟಕ್ಕೆ ನಿಂತಿತ್ತಲ್ಲ, ಎರಡು ಮಳೆಗಾಲ ಹಾಗೇ ನೆನೆಯಿತು. ಈಗ ಗೌಂಡಿ ಮೇಲಿನ ಕಲ್ಲು ಕಿತ್ತು ಹೊಸದಾಗಿ ಏರಿಸುತ್ತಿದ್ದಾನೆ. ಮಗ ಸುರು ಮಾಡಿದ್ದನ್ನು ಹಾಗೇ ನೋಡುತ್ತ ಕೂಡಲು ನನ್ನಿಂದ ಆಗಲಿಲ್ಲ.

ನಿಪ್ಪಾಣಿಯಲ್ಲಿ ನಿಮ್ಮ ಬೀಡಿ ಸಂಘದ ಮೆರವಣಿಗೆಯಾದ ಸುದ್ದಿ ಇಲ್ಲಿಗೂ ಮುಟ್ಟಿತು. ನಿನ್ನ ಅತ್ತೆ ಚನ್ನವ್ವ, "ನಮ್ಮ ಮನ್ಯಾಗ ಬಾಯಿ ಬಿಡದಾಕಿ ಅಲ್ಲಿ ಭಾಷಣಾ ಮಾಡಾಕತ್ತಾಳಂತ? ನಾಳೆ ಎಮ್ಮೆಲ್ಲೆ ಆಕ್ಕಾಳ ತಗೋ!" ಎಂದು ನಕ್ಕಳು.

ಸಂಕ್ರಾಂತಿಗೆ ಬಂದಾಗ ನಿನ್ನ ಮಗಳು ಅಕ್ಕುತಾಯಿ ನನ್ನನ್ನು ಹಿಡಿದು ಕೇಳಿದ್ದಳು, "ಅಜ್ಜಾ, ಅವ್ವ ಬೀಡಿ ಕಟ್ತಾಳ, ಸಂಘಾ ಕಟ್ತಾಳ. ಗೌಂಡಿ ಮನಿ ಕಟ್ತಾನ. ನೀ ಏನ ಕಟ್ತಿ?"

"ಎಮ್ಮಿ ಕಟ್ತೀನಿ ನೋಡವಾ" ಅಂದೆ.

"ಬಿಚ್ಚಾಂವನೂ ನೀನ ಅಲ್ಲಾ!" ಅಂದುಬಿಟ್ಟಳು ಪೋರಿ.

ಈಗ ಮುಖ್ಯ ಮಾತು. ರಾಯಬಾಗದ ಬಾಬಾಸಾಹೇಬ ನಿನ್ನನ್ನು ಉಡಿಕಿ ಮಾಡಿಕೊಳ್ಳಲು ಕೇಳಿದ್ದಾನೆ, ನಿನಗೂ ಮನಸ್ಸಿದೆ, ಆದರೆ ಅಕ್ಕುವನ್ನು ಬಿಟ್ಟು ಹೋಗುವುದಾದರೆ ಬೇಡವೆಂದು ಬರೆದಿದ್ದೀಯ. ಗಂಡ ಸತ್ತವಳು ಉಡಿಕಿಯಾಗಿ ಮತ್ತೊಂದು ಮನೆ ಸೇರುವುದು ನಮ್ಮಲ್ಲಿ ಹೊಸದಲ್ಲ. ಸೇರುವವಳು ಹಿಂದಿನ ಗಂಡನ ಮಕ್ಕಳನ್ನು ಅವನ ಮನೆಯಲ್ಲೇ ಬಿಡಬೇಕೆಂಬುದೂ ಹೊಸದಲ್ಲ.

ಸೋಮವಾರ ಹಿರಿಯರೆಲ್ಲ ಬಂದು ಕಟ್ಟಡದ ಕಲ್ಲುಗಳ ಮೇಲೆಯೇ ಕೂತರು. ನನ್ನ ಅಕ್ಕ ಮಲಕವ್ವ, "ಬಳ್ಳಿ ಹೋಗ್ಲಿ, ಕಾಯಿ ಇಲ್ಲೇ ಇರ್ಲಿ. ರಾವಸಾಹೇಬನ ರಕ್ತ ಮಂದಿ ಮನ್ಯಾಗ ಯಾಕ ಬೆಳೀಬೇಕು?" ಅಂದಳು. ಎಲ್ಲರೂ ನನ್ನ ಮುಖ ನೋಡಿದರು. ಸುಳ್ಳು ಬರೆಯಲಾರೆ ಸುಂದರಾ, ನನಗೂ ಅದೇ ಬೇಕಿತ್ತು. ಆ ಹುಡುಗಿ ನಕ್ಕರೆ ಮೇಲಿನ ತುಟಿ ಅವನದರ ಹಾಗೇ ಸೊಟ್ಟಗಾಗುತ್ತದೆ.

ಆದರೆ ಸಂಕ್ರಾಂತಿಗೆ ಅವಳನ್ನು ಇಲ್ಲಿ ಬಿಟ್ಟು ನೀನು ಕೆಲಸಕ್ಕೆ ಹೋದೆಯಲ್ಲ, ಆಗ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಓಡುತ್ತಿದ್ದಳು. ಎಲ್ಲಿಗೆ ಅಂದರೆ "ಸುಮ್ನ, ಬಸ್ಸ ನೋಡಾಕ" ಅನ್ನುವಳು. ನಿನ್ನ ಹೆಸರು ಎತ್ತಲಿಲ್ಲ. ಅದು ನೆನಪಾಗಿ ಹಿರಿಯರಿಗೆ ಅಂದೆ, "ಕೂಸು ತಾಯಿ ಕೂಡ ಹೋಗತೈತಿ."

"ತಲಿ ಕೆಟ್ಟೈತೇನೋ ವಿರುಪಾಕ್ಷಾ? ಹಂಗಾರ ಈ ಮನಿ ಯಾರಿಗೆ ಕಟ್ಟಾಕತ್ತೀ?" ಅಂದಳು ಮಲಕವ್ವ.

ಗೌಂಡಿಯೂ ಕರಣೆ ಹಿಡಿದು ನಿಂತುಬಿಟ್ಟ. ಆಗ ಚಹಾ ತಂದ ಚನ್ನವ್ವ, "ಅಕ್ಕಾರ, ಅಪ್ಪನ್ನ ಕಳಕೊಂಡ ಕೂಸಿಗೆ ಅವ್ವನ್ನೂ ಕಳೀತೀರೇನು? ಚಾ ಕುಡೀರಿ, ಮನಿಗೆ ನಡೀರಿ" ಅಂದಳು. ಅಲ್ಲಿಗೆ ಕೂಟ ಮುರಿಯಿತು. ಮಲಕವ್ವ ಚಹಾ ಮಾತ್ರ ಬಿಡದೆ ಕುಡಿದು ಹೋದಳು.

ಆದ್ದರಿಂದ ಅಕ್ಕು ನಿನ್ನವಳು. ಇನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ನನ್ನ ಹೆಸರು ಹೇಳು. ಅಂಜದೆ ಹೊಸ ಸಂಸಾರ ಕಟ್ಟಿಕೋ. ಉಡಿಕಿಯ ದಿನ ಅವರು ತರುವ ಸೀರೆಯ ಜೊತೆಗೆ ನಮ್ಮದೂ ಒಂದಿರುತ್ತದೆ, ಬಣ್ಣ ನಿನ್ನ ಅತ್ತೆಯೇ ಆರಿಸುತ್ತಾಳಂತೆ. ನಿನ್ನ ಒಲೆ ಎಂದೂ ಆರದಿರಲಿ, ನಿನ್ನ ಅಂಗಳದಲ್ಲಿ ಮಕ್ಕಳ ಗದ್ದಲವಿರಲಿ.

ನಿನ್ನ ಮಾವ,
ವಿರುಪಾಕ್ಷಪ್ಪ

ತಾ.ಕ.: ಅಕ್ಕು ಬಾಬಾಸಾಹೇಬನನ್ನು ಅಪ್ಪಾ ಎಂದೇ ಕರೆಯಲಿ, ಅವನಿಗೂ ಸಂತೋಷವಾಗುತ್ತದೆ. ಆ ಮನೆಯಲ್ಲಿ ಅವನ ತಂದೆಯೂ ಇದ್ದಾರೆಂದು ಕೇಳಿದೆ. ಅವರನ್ನು ಮುತ್ಯಾ ಅನ್ನಲು ಕಲಿಸುತ್ತೀಯೇನವ್ವಾ? ಮುತ್ಯಾ ಅಂದರೂ ಅದೇ ಅರ್ಥ, ಅಜ್ಜ ಅನ್ನುವುದೊಂದು ನನಗಿರಲಿ. ಆಗುತ್ತದೋ ಇಲ್ಲವೋ, ಒಂದು ಕಾರ್ಡು ಹಾಕು.