ಕಳೆದವರನ್ನು ಕರೆಯುವ ಮೈಕು

ನವೆಂಬರ್ 2, ಶನಿವಾರ. ಬೆಳಗ್ಗೆ 6

ಬಾತ್‌ರೂಮಿನ ಬಾಗಿಲು ಹಾಕಿಕೊಂಡು "ಆ" ಹತ್ತು ಸಲ, "ಈ" ಹತ್ತು ಸಲ. ಉಸಿರು ಹೊಟ್ಟೆಯಿಂದ, ಡಾಕ್ಟರು ಹೇಳಿದ ಹಾಗೆಯೇ. ಬಂದದ್ದು ಮಾತ್ರ ಸಿಮೆಂಟ್ ನೆಲದ ಮೇಲೆ ಟ್ರಂಕು ಎಳೆದ ಸದ್ದು. ನಲ್ಲಿ ತಿರುಗಿಸಿಟ್ಟೇ ಮಾಡುತ್ತೇನೆ, ಹೊರಗೆ ಕೇಳಿಸದಿರಲೆಂದು. ಮನೆಯಲ್ಲಿರುವುದು ಅತ್ತೆ ಒಬ್ಬಳೇ, ಅವಳಿಗೋ ಕಿವಿ ಮಂದ. ಆದರೂ ನಲ್ಲಿ ಬೇಕು.

ಆಪರೇಷನ್ ಆಗಿ ಎಂಟು ತಿಂಗಳು. ಗಂಟಲಿನ ಗಂಟು ಹೋಯಿತು, ಜೊತೆಗೆ ಸ್ವರವೂ. ಇಪ್ಪತ್ತೆರಡು ವರ್ಷ ಬಸ್ ಸ್ಟ್ಯಾಂಡಿನ ಮೈಕಿನ ಮುಂದೆ ಕೂತು ಊರಿಗೆಲ್ಲ ಬಸ್ಸು ತೋರಿಸಿದವಳು ನಾನು. ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಹಿಂದೆ ನಿಂತವರು "ನೀವೇ ಅಲ್ವಾ ಮೇಡಂ, ಪ್ಲಾಟ್‌ಫಾರಂ ನಾಲ್ಕು" ಅನ್ನುತ್ತಿದ್ದರು. ಈಗ ಪರ್ಸಿನಲ್ಲೊಂದು ಪುಟ್ಟ ನೋಟ್‌ಬುಕ್ಕು. ಬೇಕಾದ್ದು ಬರೆದು ತೋರಿಸುತ್ತೇನೆ. ಸ್ವರ ಇದೆ, ನೀವೇ ಬಳಸುತ್ತಿಲ್ಲ ಎಂದು ಡಾಕ್ಟರು ಹೋದ ವಾರವೂ ಗದರಿದರು. ಈ ಸ್ವರವನ್ನು ಯಾವ ಮುಖ ಇಟ್ಟುಕೊಂಡು ಬಳಸಲಿ?

ನನ್ನ ಜಾಗಕ್ಕೆ ರೆಕಾರ್ಡಿಂಗ್ ಬಂದಿದೆ. ನಿನ್ನೆ ಮ್ಯಾನೇಜರ್ ಕರೆಸಿ ಹೇಳಿದರು — ಹಿಂದಿನ ಪಾರ್ಸೆಲ್ ರೂಮು, ಇಲ್ಲವೇ ಸ್ವಂತ ಇಚ್ಛೆಯ ರಿಟೈರ್‌ಮೆಂಟು. ಹನ್ನೆರಡನೇ ತಾರೀಖಿನೊಳಗೆ ತಿಳಿಸಬೇಕು. ಪಾರ್ಸೆಲ್ ರೂಮಿನಲ್ಲಿ ಯಾರೊಂದಿಗೂ ಮಾತಾಡಬೇಕಾಗಿಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದರು. ಮನೆಗೆ ಬಂದರೆ ಅತ್ತೆ ಬ್ಯಾಗಿಗೆ ಬಟ್ಟೆ ಮಡಚುತ್ತಿದ್ದಳು.

ನಾಳೆ ರೈಲು. ಉತ್ತರದ ಕಡೆಯ ಆ ದೇವಸ್ಥಾನಗಳ ಊರು, ಹೊಳೆ, ಯಾತ್ರೆ. ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರು ಹದಿನಾಲ್ಕು ಜನರನ್ನು ಕರೆದುಕೊಂಡು ಹೊರಟಿದ್ದಾರೆ. ನಾನು ಒಲ್ಲೆ ಎಂದು ಬರೆದು ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿದಳು, ಹಾಳೆ ವಾಪಸ್ಸು ಕೊಟ್ಟಳು.

"ನನಗೆ ಕಿವಿ ಇಲ್ಲ, ನಿನಗೆ ಬಾಯಿ ಇಲ್ಲ. ಇಬ್ಬರೂ ಸೇರಿದ್ರೆ ಒಂದು ಮನುಷ್ಯ ಆಗುತ್ತೆ. ಬಾ ಪುಟ್ಟಿ."

ಅಪ್ಪನ ತಂಗಿ, ಎಪ್ಪತ್ನಾಲ್ಕು ವರ್ಷ. ನನಗೆ ಐವತ್ತೊಂದು. ಇನ್ನೂ ಪುಟ್ಟಿ.


ನವೆಂಬರ್ 6, ಬುಧವಾರ. ಸಂಜೆ 5

ನಿನ್ನೆ ಬಂದು ಸೇರಿದೆವು. ಎರಡು ರಾತ್ರಿ ರೈಲು... ಸೊಂಟ ನನ್ನದಲ್ಲ.

ಲಾಡ್ಜು ಮೂರನೇ ಮಹಡಿ. ಎರಡು ಮಂಚ, ಒಂದು ಕಿಟಕಿ. ಕಿಟಕಿಯ ಸರಳಿಗೆ ಯಾರೋ ಮರೆತ ಟವೆಲ್ಲು. ಕೆಳಗೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಲೇಬೇಕಾದ ಗಲ್ಲಿ. ಗಲ್ಲಿ ಎರಡು ಸಲ ತಿರುಗಿದರೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಹೊಳೆ. ಇಷ್ಟು ಅಗಲದ ನೀರನ್ನು ಸಿನಿಮಾದಲ್ಲಿ ಮಾತ್ರ ನೋಡಿದ್ದೆ. ಸಾಲಾಗಿ ದೇವಸ್ಥಾನಗಳು, ಒಂದರ ಹೆಗಲ ಮೇಲೆ ಒಂದು, ಬಸ್ಸಿನ ಸೀಟಿಗೆ ಒತ್ತರಿಸಿಕೊಂಡು ಕೂತ ಹಾಗೆ. ಗಂಟೆಯ ಸದ್ದು ನಿಲ್ಲುವುದೇ ಇಲ್ಲ. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಕೂತು ಕಾಲು ನೀರಿಗೆ ಬಿಟ್ಟಳು. ಒಂದು ಗಂಟೆ ಅಲ್ಲಾಡಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ಇದೇ ಮೊದಲು ನೋಡಿದ್ದು.

ಒಂದು ತಮಾಷೆ. ಇಲ್ಲಿ ಹದಿನಾಲ್ಕು ಜನಕ್ಕೂ ಬಾಯಿ ಇಲ್ಲ. ಹಿಂದಿ ಬರುವುದು ಮೇಷ್ಟ್ರಿಗೆ ಒಬ್ಬರಿಗೇ, ಅದೂ ಅವರ ಪ್ರಕಾರ. ಬಿಸಿನೀರು ಕೇಳಲು ಹೋದವರು ಐದು ಕಂಬಳಿ ತಂದರು. ನಾನು ಹೋಗಿ ಬಕೆಟ್ ತೋರಿಸಿ, ಕೈಯಲ್ಲಿ ಹಬೆ ಮಾಡಿ ತೋರಿಸಿದೆ. ಬಂತು. ಎಂಟು ತಿಂಗಳ ಅಭ್ಯಾಸ. ಮಧ್ಯಾಹ್ನದಿಂದ ಗುಂಪಿನವರೆಲ್ಲ ಏನು ಬೇಕಾದರೂ ನನ್ನನ್ನೇ ಕಳಿಸುತ್ತಿದ್ದಾರೆ. ಯಾರೂ ಅಯ್ಯೋ ಪಾಪ ಎಂದು ನೋಡುತ್ತಿಲ್ಲ. ಹಗುರ ಅನಿಸಿತು.

ಮೆಟ್ಟಿಲ ಉದ್ದಕ್ಕೂ ಕಂಬಗಳು, ಕಂಬಕ್ಕೆ ಸ್ಪೀಕರು. ಜನಜಂಗುಳಿಯಲ್ಲಿ ಕಳೆದುಹೋದವರ ಹೆಸರನ್ನು ಒಬ್ಬ ಹೆಂಗಸು ಕೂಗುತ್ತಿರುತ್ತಾಳೆ. ಮೈಕಿಗೆ ತುಟಿ ಅಂಟಿಸಿಕೊಂಡಿದ್ದಾಳೆ, "ಪ" ಬಂದಾಗಲೆಲ್ಲ ಪಟಾಕಿ. ಹೆಸರಾದ ಮೇಲೆ ನಿಲ್ಲಿಸುವುದಿಲ್ಲ. ಕೇಳುವವರಿಗೆ ಉಸಿರಾಡಲು ಜಾಗ ಬಿಡಬೇಡವೇ? ದೇವರ ಮುಂದೆ ನಿಂತೂ ಇದೇ ಯೋಚನೆ. ಹೊಟ್ಟೆಕಿಚ್ಚು ಅಷ್ಟೇ, ಬೇರೇನಲ್ಲ. ಇಲ್ಲಾದರೂ ಸುಳ್ಳು ಬರೆಯಬಾರದು.


ನವೆಂಬರ್ 7, ಗುರುವಾರ. ಬೆಳಗ್ಗೆ 10.40

ದೊಡ್ಡ ಗುಡಿಯ ಕ್ಯೂನಿಂದ ಆಚೆ ನಿಂತಿದ್ದೇನೆ. ಚಪ್ಪಲಿ ಬಿಟ್ಟು ಬರುತ್ತೇನೆ ಎಂದು ಹೋದ ಅತ್ತೆ ಬಂದಿಲ್ಲ. ಮುಕ್ಕಾಲು ಗಂಟೆ. ಅವಳ ಫೋನು ನನ್ನ ಬ್ಯಾಗಿನಲ್ಲಿ. ಕಿವಿಯ ಮಿಷನ್ನೂ ನನ್ನ ಬ್ಯಾಗಿನಲ್ಲಿ —


ಅದೇ ದಿನ. ಸಂಜೆ 6

ಈಗ ಸಾವಕಾಶವಾಗಿ ಬರೆಯುತ್ತೇನೆ.

ಮೇಷ್ಟ್ರು ಒಂದು ಕಡೆ ಹುಡುಕಲು ಹೋದರು, ನಾನು ಒಂದು ಕಡೆ. ಚಪ್ಪಲಿ ಕಾಯುವ ಅಂಗಡಿ ಒಂದಲ್ಲ, ಗಲ್ಲಿಗೆ ಹತ್ತು. ಎಲ್ಲ ಒಂದೇ ಥರ. ಹಸಿರು ಸೀರೆ ಕಂಡಲ್ಲೆಲ್ಲ ಓಡುವುದು, ಹತ್ತಿರ ಹೋದರೆ ಬೇರೆ ಯಾರೋ. ಕೂಗಿ ಕರೆಯೋಣವೆಂದರೆ... ಕರೆದಿದ್ದರೂ ಅವಳಿಗೆ ಕೇಳಿಸದು. ಇಬ್ಬರೂ ಸೇರಿದರೆ ಒಂದು ಮನುಷ್ಯ. ಸರಿ, ಬೇರೆಬೇರೆಯಾದರೆ?

ಕೊನೆಗೆ ಕಂಬದ ವೈರು ಹಿಡಿದು ನಡೆದೆ. ವೈರು ಹೋದಲ್ಲಿ ಮೈಕು ಇರಲೇಬೇಕು, ಅಷ್ಟು ಕಸುಬು ಗೊತ್ತು. ಮೆಟ್ಟಿಲ ತುದಿಯಲ್ಲಿ ತಗಡಿನ ಬೂತು. ಒಂದು ಮೇಜು, ಒಂದು ಬೆಂಚು. ಮೇಜಿನ ಹಿಂದೆ ದಪ್ಪ ಸ್ವೆಟರಿನ ಹೆಂಗಸು, ಕನ್ನಡಕ ದಾರದಲ್ಲಿ. ನಿನ್ನೆಯ ಪಟಾಕಿ ಇವಳದೇ. ಎಲ್ಲರೂ ದೀದಿ ಅನ್ನುತ್ತಾರೆ.

ಅತ್ತೆಯ ಹೆಸರು, ವಯಸ್ಸು, ಸೀರೆಯ ಬಣ್ಣ ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಹಿಂದಿಯಲ್ಲಿ ಕೂಗಿದಳು. ಹೆಸರನ್ನು ಎಷ್ಟು ತಿರುಚಿದಳೆಂದರೆ ನನಗೇ ಗುರುತು ಸಿಗಲಿಲ್ಲ. ಆಮೇಲೆ ಅವಳೇ ತಡೆದು ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು — ಮುದುಕಿಗೆ ಹಿಂದಿ ಬರುತ್ತದೆಯೇ? ತಲೆಯಾಡಿಸಿದೆ, ಇಲ್ಲ. ಮೈಕನ್ನು ನನ್ನ ಕಡೆ ತಿರುಗಿಸಿದಳು. ಗಂಟಲು ಮುಟ್ಟಿ ತೋರಿಸಿದೆ, ಕೈ ಮುಗಿದೆ. ಅವಳು ಏನೋ ಅಂದಳು, ಅರ್ಥವಾಗಲಿಲ್ಲ. ಸ್ವಿಚ್ ಒತ್ತಿಬಿಟ್ಟಳು.

ಕೆಂಪು ದೀಪ ಹತ್ತಿತು.

ಇಪ್ಪತ್ತೆರಡು ವರ್ಷ. ಕೆಂಪು ದೀಪ ಹತ್ತಿದ ಮೇಲೆ ಬಾಯಿ ಮನಸ್ಸನ್ನು ಕೇಳುವುದಿಲ್ಲ. "ದಯವಿಟ್ಟು ಗಮನಿಸಿ" ಅಂದೆ. ಅಂದದ್ದು ಅರೆಕ್ಷಣ ಬಿಟ್ಟು ಕಂಬಕಂಬದಿಂದಲೂ ವಾಪಸ್ಸು ಬಂತು. ಆ ಟ್ರಂಕಿನ ಸದ್ದು, ಹೊಳೆಯ ಇಡೀ ದಡಕ್ಕೆ. ಮೆಟ್ಟಿಲ ಮೇಲಿನ ಜನ ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು. ಹೆಸರು ಹೇಳಿದೆ, ಹಸಿರು ಸೀರೆ ಅಂದೆ, ಕನ್ನಡ ಬಲ್ಲವರು ಯಾರಾದರೂ ನೋಡಿದ್ದರೆ ಮೇಲಿನ ಬೂತಿಗೆ ಕರೆತನ್ನಿ ಅಂದೆ. ನಿಲ್ಲಿಸಿದೆ. ಮೂರು ಎಣಿಸಿದೆ. ಮತ್ತೆ ಹೇಳಿದೆ. ಮೂರನೇ ಸಲ ಹೇಳುವಾಗ ಸ್ವರದ ಮೇಲೆ ಗಮನವೇ ಇರಲಿಲ್ಲ, ಅತ್ತೆಯ ಮೇಲಿತ್ತು.

ಇಪ್ಪತ್ತು ನಿಮಿಷ ಬಿಟ್ಟು ಬಂದದ್ದು ಅತ್ತೆಯಲ್ಲ. ಒಬ್ಬ ಅಜ್ಜ. ಅಂಗಿಯ ತುಂಬ ಸುಣ್ಣ, ಗೋಡೆ ಸವರಿಕೊಂಡೇ ಬಂದಿರಬೇಕು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿದ.

"ಈಗ ಕನ್ನಡದಲ್ಲಿ ಕೂಗಿದ್ದು ಯಾರು?"

ನಾನು ಕೈ ಎತ್ತಿದೆ. ಅಜ್ಜ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟ. ನಿನ್ನೆ ಮಧ್ಯಾಹ್ನದಿಂದ ತಪ್ಪಿಸಿಕೊಂಡಿದ್ದಾನೆ. ಮಗ, ಸೊಸೆಯ ಜೊತೆ ಬಂದವನು. ಫೋನ್ ನಂಬರಿನ ಚೀಟಿ ಬಸ್ಸಿನಲ್ಲಿದೆ. ರಾತ್ರಿ ಯಾವುದೋ ಜಗಲಿಯಲ್ಲಿ ಮಲಗಿದ್ದ. ಸ್ಪೀಕರಿನಲ್ಲಿ ನಿನ್ನೆಯಿಂದ ಯಾರೋ ಜಗಳ ಆಡುತ್ತಿದ್ದಾರೆ ಅಂದುಕೊಂಡಿದ್ದನಂತೆ. ಪಾಪ, ಅವನನ್ನೇ ಕೂಗುತ್ತಿದ್ದರೋ ಏನೋ.

"ನಿಮ್ಮ ಸ್ವರ ಕೇಳ್ತು ತಾಯಿ. ಎಣ್ಣೆ ಕಾಣದ ನಮ್ಮನೆ ಬಾಗಿಲು ತೆಗೆದ ಹಂಗಾಯ್ತು. ಹೋದ ಜೀವ ಬಂತು."

ಹೊಗಳಿಕೆಯೋ ಬೈಗುಳವೋ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ದೀದಿಯನ್ನು ಕೇಳದೆ ನಾನೇ ಸ್ವಿಚ್ ಒತ್ತಿದೆ. ಅಜ್ಜನ ಹೆಸರು ಹೇಳಿ, ನಿಮ್ಮ ತಂದೆಯವರು ಇಲ್ಲಿ ಕ್ಷೇಮವಾಗಿದ್ದಾರೆ, ಗಾಬರಿ ಪಡಬೇಡಿ ಅಂದೆ. ಮುಕ್ಕಾಲು ಗಂಟೆಯಲ್ಲಿ ಸೊಸೆ ಓಡಿಬಂದಳು, ಬರಿಗಾಲಲ್ಲಿ. ಮಾವನ ಭುಜಕ್ಕೆ ಒಂದು ಹೊಡೆದಳು. ಆಮೇಲೆ ಅದೇ ಭುಜಕ್ಕೆ ಮುಖ ಒತ್ತಿ ನಿಂತಳು. ಮಗ ಹಿಂದೆ ಬಂದು ದೀದಿಯ ಮೇಜನ್ನು ಒರೆಸುತ್ತಿದ್ದ.

ಅತ್ತೆ ಬಂದದ್ದು ಒಂದೂವರೆಗೆ. ನಮ್ಮ ಕಡೆ ಏಳೆಂಟು ವರ್ಷ ದುಡಿದು ಬಂದ ಇಲ್ಲಿನ ಬಳೆ ವ್ಯಾಪಾರಿಯೊಬ್ಬ ನನ್ನ ಕೂಗು ಕೇಳಿ, ಚಪ್ಪಲಿ ಅಂಗಡಿಯೊಂದರಲ್ಲಿ ಹಸಿರು ಸೀರೆ ನೋಡಿ ಕರೆತಂದ. ಅಲ್ಲಿ ಅತ್ತೆ ಮಹಾರಾಣಿಯ ಹಾಗೆ ಸ್ಟೂಲಿನ ಮೇಲೆ ಕೂತು, ಅಂಗಡಿಯವಳೊಡನೆ ಮೂರು ಗಂಟೆ ಕಷ್ಟಸುಖ ಮಾತಾಡಿದ್ದಾಳೆ. ಇವಳು ಕನ್ನಡ, ಅವಳು ಹಿಂದಿ. ಇವಳಿಗೆ ಕಿವಿಯೂ ಇಲ್ಲ. ನಮ್ಮ ಸರದಿ ಬರುವವರೆಗೆ ಅಲ್ಲೇ ಕಾಯೋಣ ಅಂದುಕೊಂಡಳಂತೆ.

"ನಾನೆಲ್ಲಿ ಕಳೆದುಹೋದೆ? ಕೂತಲ್ಲೇ ಕೂತಿದ್ದೆ. ಕಳೆದುಹೋಗಿದ್ದು ನೀವು."

ಮೇಷ್ಟ್ರು ತಲೆ ಚಚ್ಚಿಕೊಂಡರು. ನಾನು ಮಿಷನ್ನನ್ನು ಅವಳ ಕಿವಿಗೆ ಸಿಕ್ಕಿಸಿದೆ. ಬೈಯಬೇಕಿತ್ತು. ನೋಟ್‌ಬುಕ್ಕು ತೆಗೆಯುವ ತಾಳ್ಮೆ ಇರಲಿಲ್ಲ, ಬಾಯಿಂದಲೇ ಬೈದೆ. ಉದ್ದಕ್ಕೆ. ಹೇಳದೆ ಹೋಗೋದಾ, ನನಗೆ ಇನ್ಯಾರಿದ್ದಾರೆ ಅಂತೆಲ್ಲ. ಅತ್ತೆ ಬಾಯಿ ತೆರೆದು ಕೇಳಿದಳು. ಪೂರ್ತಿ ಕೇಳಿಸಿಕೊಂಡು, ನನ್ನ ಕೆನ್ನೆ ಹಿಡಿದಳು.

"ಮುಂಚೆ ನಿನ್ನ ಸ್ವರ ತೆಳ್ಳಗೆ, ಸೂಜಿ. ಹತ್ತು ವರ್ಷದಿಂದ ನೀನು ತುಟಿ ಆಡಿಸೋದಷ್ಟೇ ನನಗೆ ಕಾಣ್ತಿತ್ತು. ಹೇಳಿದ್ರೆ ನೊಂದುಕೊಳ್ತೀಯಾ ಅಂತ ಸುಮ್ಮನಿದ್ದೆ. ಈಗ ದಪ್ಪ ಆಗಿದೆ. ಒಂದೊಂದು ಮಾತೂ ಕಿವಿಗೆ ಬಿತ್ತು ಪುಟ್ಟಿ. ಇನ್ನೊಂದಷ್ಟು ಬೈ."




ನವೆಂಬರ್ 9, ಶನಿವಾರ. ಮಧ್ಯಾಹ್ನ 2

ಬೂತಿನಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನೆ, ಇವತ್ತು ಬೆಳಗ್ಗೆಯಿಂದ ಇಲ್ಲೇ. ದೀದಿಯೇ ಲಾಡ್ಜಿಗೆ ಬಂದು ಕೈ ಹಿಡಿದು ಎಳೆದುಕೊಂಡು ಬಂದಳು. ದಕ್ಷಿಣದ ಬಸ್ಸುಗಳು ತುಂಬ ಬಂದಿವೆಯಂತೆ. ಎರಡು ದಿನದಲ್ಲಿ ಏಳು ಜನ ಸಿಕ್ಕರು. ಒಬ್ಬಾಕೆ ಗಂಡ ಕಳೆದುಹೋದನೆಂದು ಬಂದಳು, ಅದೇ ಹೊತ್ತಿಗೆ ಅವನು ಮೂರು ಮೆಟ್ಟಿಲ ಕೆಳಗೆ ಕೂತು ಪೇಪರ್ ಓದುತ್ತಿದ್ದ. ಸ್ವಲ್ಪ ಹೊತ್ತು ಹಾಗೇ ಇರಲಿ ಬಿಡಿ ಎಂದು ಆಕೆಯೂ ಬೆಂಚಿನ ಮೇಲೆ ಆರಾಮಾಗಿ ಕೂತಳು.

ದೀದಿ ನರ್ಸ್ ಆಗಿದ್ದವಳು, ರಿಟೈರಾಗಿ ಆರು ವರ್ಷ. ಅಂದಿನಿಂದ ದಿನವೂ ಈ ಮೈಕು. ಮೈಕಿನಿಂದ ನಾಲ್ಕು ಬೆರಳು ದೂರ ಇರು ಎಂದು ಬೆರಳಿಟ್ಟು ತೋರಿಸಿದೆ. ಪಟಾಕಿ ನಿಂತಿತು. ನನ್ನಿಂದ "ಗಾಬರಿ ಪಡಬೇಡಿ" ಕಲಿತಿದ್ದಾಳೆ. ಅವಳ ಬಾಯಲ್ಲಿ ಅದು "ಗಬರಿ ಪಡಬೆಡಿ". ಕೇಳಿದ ನಮ್ಮವರು ಗಾಬರಿ ಬಿಟ್ಟು ನಗುತ್ತಾರೆ. ಕೆಲಸ ಆಯಿತಲ್ಲ.

ಗುಂಪಿನವರು ಎಷ್ಟೋ ದೇವಸ್ಥಾನ ಮುಗಿಸಿದರು. ನಾನು ನೋಡಿದ್ದು ಎರಡೇ. ಇವತ್ತು ಮುಂಜಾನೆ ದೊಡ್ಡ ಗುಡಿಗೆ ಅತ್ತೆಯೊಡನೆ ಹೋದೆ, ಕೈ ಬಿಡದೆ. ಒಳಗೆ ಒದ್ದೆ ಕಲ್ಲಿನ ತಂಪು, ಬೆನ್ನಿಗೆ ಬೆನ್ನು ಹಚ್ಚಿದ ಜನ. ದೇವರೆದುರು ನಿಲ್ಲಲು ಸಿಕ್ಕಿದ್ದು ಎರಡು ಉಸಿರಿನ ಹೊತ್ತು. ಹಳೆಯ ಸ್ವರ ವಾಪಸ್ಸು ಕೊಡು ಎಂದು ಕೇಳಲೆಂದೇ ಕೊನೆಗೆ ಒಪ್ಪಿ ಅಷ್ಟು ದೂರದಿಂದ ಬಂದಿದ್ದೆ. ಅತ್ತೆಗೂ ಹೇಳಿರಲಿಲ್ಲ, ಈ ಪುಸ್ತಕಕ್ಕೂ. ಕೈ ಮುಗಿದೆ. ಕೇಳುವುದು ಮರೆತೇಹೋಯಿತು. ಹೊರಗೆ ಬಂದ ಮೇಲೆ ನೆನಪಾಯಿತು. ವಾಪಸ್ಸು ಹೋಗಿ ಮತ್ತೆ ಕ್ಯೂ ನಿಲ್ಲಬೇಕು ಅನಿಸಲಿಲ್ಲ.


ನವೆಂಬರ್ 10, ಭಾನುವಾರ. ಬೆಳಗ್ಗೆ 11

ಮ್ಯಾನೇಜರಿಗೆ ಫೋನ್ ಮಾಡಿದೆ. ಬಸ್ ಸ್ಟ್ಯಾಂಡಿಗೆ ಭಾನುವಾರ ಎಲ್ಲಿದೆ, ಇರುತ್ತಾರೆಂದು ಗೊತ್ತಿತ್ತು. ಮೆಸೇಜು ಹಾಕಿದರೂ ಆಗುತ್ತಿತ್ತು. ಎರಡು ಸಲ ಟೈಪ್ ಮಾಡಿ ಅಳಿಸಿದೆ.

ಯಾರು ಬೇಕಿತ್ತು ಸರ್ ಅಂದರು. ಸರ್ ಅಲ್ಲ, ನಾನು ಅಂದೆ. ಗುರುತು ಸಿಗಲಿಲ್ಲ. ಹೆಸರು ಹೇಳಿದೆ. ಆ ಕಡೆ ಬರೀ ಬಸ್ಸಿನ ಹಾರ್ನು, ಅದರ ಹಿಂದೆ ರೆಕಾರ್ಡಿಂಗಿನ ಹುಡುಗಿಯ ನುಣುಪಾದ ಸ್ವರ.

ಪಾರ್ಸೆಲ್ ರೂಮು ಬೇಡ, ರಿಟೈರ್‌ಮೆಂಟೂ ಬೇಡ, ವಿಚಾರಣೆ ಕೌಂಟರಿನಲ್ಲಿ ಕೂರುತ್ತೇನೆ ಅಂದೆ. ಅಲ್ಲಿ ದಿನವಿಡೀ ಮಾತಾಡಬೇಕಲ್ಲಮ್ಮ ಅಂದರು. ಗೊತ್ತು ಸರ್, ಅದಕ್ಕೇ ಕೇಳುತ್ತಿದ್ದೇನೆ ಅಂದೆ.

"ಈ ಸ್ವರದಲ್ಲಾ?"

"ಇರೋದು ಇದೇ ಸರ್. ಕೇಳಿಸ್ತಿದೆ ತಾನೇ?"

ಕೇಳಿಸ್ತಿದೆ ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು, ಅವರದು. ಕಳೆದುಹೋದವರ ಬಗ್ಗೆ ಕೂಗಲು ರೆಕಾರ್ಡಿಂಗಿನಲ್ಲಿ ಆಗುವುದಿಲ್ಲ, ಹೋದ ವಾರ ಒಬ್ಬ ಅಜ್ಜಿ ಸಂಜೆವರೆಗೂ ಅಳುತ್ತ ಕೂತಿದ್ದರು, ಅದನ್ನೂ ನೋಡಿಕೊಳ್ಳುತ್ತೀರಾ ಎಂದು ಅವರೇ ಕೇಳಿದರು. ಒಂದು ತಿಂಗಳು ನೋಡೋಣ, ಮೇಲಿನವರಿಗೆ ನಾನು ಹೇಳುತ್ತೇನೆ ಅಂದರು. ಮೇಲಿನವರು ಒಪ್ಪದಿದ್ದರೆ? ಒಪ್ಪದಿದ್ದರೆ ಮತ್ತೆ ಫೋನ್ ಮಾಡುತ್ತೇನೆ. ನಂಬರ್ ಇದೆ, ಸ್ವರ ಇದೆ.

ಅತ್ತೆಗೆ ಹೇಳಿದೆ. ಮಿಷನ್ ಇಲ್ಲದೆಯೇ ಕೇಳಿಸಿತು. ಅಕ್ಕಪಕ್ಕದ ರೂಮಿನವರಿಗೂ.


ನವೆಂಬರ್ 11, ಸೋಮವಾರ. ಬೆಳಗ್ಗೆ 7.15

ಹನ್ನೊಂದಕ್ಕೆ ರೈಲು. ಬ್ಯಾಗು ಮುಚ್ಚುತ್ತಿಲ್ಲ, ಅತ್ತೆ ಅದರ ಮೇಲೆ ಕೂತಿದ್ದಾಳೆ, ನಾನು ಜಿಪ್ ಎಳೆಯುತ್ತಿದ್ದೆ. ಅಷ್ಟರಲ್ಲಿ ದೀದಿಯಿಂದ ಫೋನು. ಅರ್ಥವಾದಷ್ಟು — ಬೂತಿಗೆ ಒಬ್ಬ ಹೆಂಗಸು ಬಂದಿದ್ದಾಳೆ, ಹಿಂದಿ ಬರುವುದಿಲ್ಲ, ಅಳುತ್ತಿದ್ದಾಳೆ, ಬಾ.

ನಮ್ಮ ಭಾಷೆಯವಳೋ ಅಲ್ಲವೋ ಗೊತ್ತಿಲ್ಲ. ಅತ್ತೆಗೆ ಹೇಳಿದೆ, ನಮ್ಮವಳಲ್ಲದಿದ್ದರೆ ಹೋಗಿ ಏನು ಮಾಡಲಿ ಅಂತ.

"ಅಲ್ಲದಿದ್ರೆ ಪಕ್ಕದಲ್ಲಿ ಕೂತ್ಕೋ. ಅದಕ್ಕೆ ಯಾವ ಭಾಷೆ ಬೇಕು? ಹೋಗು, ಬ್ಯಾಗು ನಾನು ನೋಡ್ಕೋತೀನಿ."

ಮೇಷ್ಟ್ರು ಕೆಳಗೆ ಅಂಗಳದಲ್ಲಿ ನಿಂತು ತಲೆ ಎಣಿಸುತ್ತಿದ್ದಾರೆ, ಹನ್ನೆರಡಕ್ಕೆ ನಿಲ್ಲುತ್ತಿದೆ, ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ. ಕಿಟಕಿಯಿಂದಲೇ ಉತ್ತರ ಕೂಗಿದೆ, ಒಂಬತ್ತೂವರೆಗೆ ಸ್ಟೇಷನ್ನಿನಲ್ಲಿ ಇರುತ್ತೇನೆ ಅಂತ. ಗಲ್ಲಿಯ ಪಾರಿವಾಳಗಳೆಲ್ಲ ಹಾರಿದವು. ಮೇಷ್ಟ್ರು ತಲೆ ಎತ್ತಿ ನೋಡಿದರು. ಇನ್ನು ಓಡಬೇಕು, ಉಳಿದದ್ದು ರೈಲಿನಲ್ಲಿ, ಆ ಹೆಂಗಸು ಯಾರು, ಎಲ್ಲಿಯವಳು —