ಖಂಡೆಪೂಜೆಗೆ ಕೂತ ವಿಮಾನ

ಸೋಲಾಪುರ
೧೪ ಅಕ್ಟೋಬರ್ ೨೦೨೫

ಯೋಗಿರಾಜನ ಅಪ್ಪನವರಿಗೆ ಉಮಾಬಾಯಿಯ ನಮಸ್ಕಾರ.

ಆರೋಗ್ಯ ಹೇಗಿದೆ? ಬಿಪಿ ಗುಳಿಗೆ ಮರೆಯದೆ ನುಂಗುತ್ತಿದ್ದೀರೋ, ಇಲ್ಲ ಅಕ್ಕಲಕೋಟದಲ್ಲಿ ನಿಮ್ಮ ಅಕ್ಕನವರ ಕೈಯ ಶೇಂಗಾ ಹಿಂಡಿ, ರೊಟ್ಟಿ ತಿಂದು ಎಲ್ಲ ಮರೆತಿದ್ದೀರೋ? ದಸರೆಯ ಸಂಜೆ ಸಿಟ್ಟಿನಿಂದ ಬಸ್ಸು ಹತ್ತಿದವರು ಹನ್ನೆರಡು ದಿನದಿಂದ ಫೋನು ಎತ್ತಿಲ್ಲ. ಪತ್ರವನ್ನಾದರೆ ಅಕ್ಕನವರು ಎದುರಿಗೆ ನಿಂತು ಓದಿಸುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮಗನಿಗೆ ಹೇಳಿ ಕಳಿಸಿದ್ದು ನನ್ನ ಕಿವಿಗೂ ಬಿತ್ತು. ವಿಮಾನದ ಚೂರು, ರಿಮೋಟು, ಅಂಟು ಎಲ್ಲವನ್ನೂ ಈ ವಾರವೇ ಓಣಿಯ ಶಾಲೆಗೆ ಕೊಟ್ಟುಬಿಡಬೇಕಂತೆ. "ನನ್ನ ಕೈ ನಡುಗ್ತಾವ, ಇನ್ನ ಸಾಕು ಈ ಆಟ" ಅಂದಿರಂತೆ. ಎದುರಿಗೆ ಎಂದೂ ಹೇಳಿಲ್ಲ, ಈಗ ಹೇಳುತ್ತೇನೆ. ಚಾದರ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದ ಮನುಷ್ಯ, ಆ ಕಟ್ಟಿಗೆ ವಿಮಾನದ ಡಬ್ಬಿ ಬಂದ ಮೇಲೆ ಎಷ್ಟು ತಣ್ಣಗಾದಿರಿ! ನನ್ನ ಶ್ಯಾವಿಗೆ ಮಣೆಯ ಮೇಲೆ ನಕ್ಷೆ ಹಾಸಿ, ಟಾಚಣಿ ಪಿನ್ನು ಚುಚ್ಚಿ ಹಾಳು ಮಾಡಿದಿರೆಂದು ಕೂಗಾಡಿದೆ ನಿಜ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಲೂ ಇದ್ದೆ. ಹಪ್ಪಳದಷ್ಟು ತೆಳುವಾದ ಪಟ್ಟಿಗಳನ್ನು ಒಂದೊಂದಾಗಿ ನಿಲ್ಲಿಸಿ, ಉಸಿರು ಹಿಡಿದು ಅಂಟು ಹಾಕುತ್ತಿದ್ದಿರಿ. ಒಂದು ರೆಕ್ಕೆ ಕೂದಲೆಳೆಯಷ್ಟು ಸೊಟ್ಟಗಾಯಿತೆಂದು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಿರಿ, ಬಾಯಿಂದ ಒಂದು ಬೈಗುಳ ಹೊರಬೀಳಲಿಲ್ಲ! ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಇಂಥ ತಾಳ್ಮೆ ನಿಮ್ಮಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅಷ್ಟು ಹೆಮ್ಮೆಯಾಗಿದ್ದಕ್ಕೇ ಖಂಡೆಪೂಜೆಯ ದಿನ ಆಯುಧಗಳೆಂದು ಇಟ್ಟ ಅಂಗಡಿಯ ಗಜಕೋಲು, ಕತ್ತರಿಗಳ ಸಾಲಿನಲ್ಲಿ ವಿಮಾನವನ್ನೂ ಕೂಡಿಸಿದೆ. ನಾನೇ ಮೆತ್ತನೆಯ ಬಟ್ಟೆಯಿಂದ ಮೂಲೆ ಮೂಲೆ ಒರೆಸಿ ಕುಂಕುಮ ಹಚ್ಚಿದೆ. ಮರುದಿನ ಬೋರಾಮಣಿಯ ಹುಲ್ಲುಗಾವಲಿನಲ್ಲಿ ಅದು ನೆಲ ಬಿಟ್ಟು ಎದ್ದಾಗ ನಾನು ಕೈ ಮುಗಿದಿದ್ದೆ. ಮೂಗು ಮೇಲೆತ್ತಿ ಏರಿತು, ಏರಿ ನಿಂತಿತು, ಬಾಲ ಕೆಳಗಾಗಿ ಬಿದ್ದೇಬಿಟ್ಟಿತು. ನಾಲ್ಕು ತಿಂಗಳ ಕೆಲಸ. ನಿಮ್ಮ ಮುಖ ನೋಡಲಾಗಲಿಲ್ಲ.

ಮೊನ್ನೆ ಬೋರಾಮಣಿಯಿಂದ ಕುರಿ ಕಾಯುವ ಅಮೋಗಸಿದ್ಧ ಬಸ್ಸಿನಲ್ಲಿ ಬಂದಿದ್ದ. ಎಡ ರೆಕ್ಕೆಯ ತುದಿ ಹುಲ್ಲಿನಲ್ಲಿ ಸಿಕ್ಕಿತಂತೆ, ರುಮಾಲಿನಲ್ಲಿ ಸುತ್ತಿ ತಂದಿದ್ದ. "ಸಾವಕಾರ್ರಿಗೆ ಹೇಳ್ರಿ ಅವ್ವಾ, ಅದು ಖರೇನ ಹಾರಿತ್ರಿ. ನನ್ನ ಕುರಿ ಸೈತ ಮೇಯೂದು ಬಿಟ್ಟು ತಲಿ ಎತ್ತಿ ನೋಡಿದ್ವು" ಅಂದ. ಚಹಾ ಕುಡಿಸಿ ಕಳಿಸಿದೆ. ಆಮೇಲೆ ಚೂರುಗಳನ್ನೆಲ್ಲ ಮಣೆಯ ಮೇಲೆ ಹರವಿ, ವಿಮಾನ ಕಟ್ಟುವಾಗ ನೀವು ಬರೆದಿಟ್ಟ ವಹಿ ತೆರೆದಿಟ್ಟುಕೊಂಡು ನಾನೇ ಅಂಟಿಸಲು ಕೂತೆ. ಒಂದೇ ಪಟ್ಟಿಗೆ ನನ್ನ ಎರಡು ಬೆರಳು ಅಂಟಿಕೊಂಡವು, ಬಿಸಿನೀರಿನಲ್ಲಿ ಅದ್ದಿ ಬಿಡಿಸಿಕೊಳ್ಳಬೇಕಾಯಿತು. ಅಯ್ಯ ಶಿವನೇ, ಇಂಥ ಅರವತ್ತು ಪಟ್ಟಿ ಹೇಗೆ ಕೂಡಿಸಿದಿರಿ!

ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ಶಾಲೆಗೆ ನಾನು ಏನನ್ನೂ ಕಳಿಸುವುದಿಲ್ಲ.

ಇಂತಿ ನಿಮ್ಮ,
ಉಮಾಬಾಯಿ

ತಾ.ಕ.: ಅಂಚೆಗೆ ಹಾಕಲು ಯೋಗಿರಾಜ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ವಿಮಾನ ಬಿದ್ದದ್ದು ನಿಮ್ಮ ಕೈ ನಡುಗಿ ಅಲ್ಲ. ಪೂಜೆಗೆ ಒರೆಸುವಾಗ ವಿಮಾನದ ಮೂಗಿನೊಳಗೆ ಮಣ್ಣಿನ ಮುದ್ದೆ ಕಂಡಿತು. ಕುಂಬಾರ ಹುಳ ಗೂಡು ಕಟ್ಟಿದೆ ಎಂದುಕೊಂಡು ಹೇರ್‌ಪಿನ್ನಿನಿಂದ ಕೆರೆದು ತೆಗೆದು ಅಂಗಳಕ್ಕೆ ಎಸೆದೆ. ನಿನ್ನೆ ನಿಮ್ಮ ವಹಿಯಲ್ಲಿ ಓದಿದೆ: "ಬಾಲ ಭಾರ ಆಗ್ಯದ. ಮೂಗಿಗೆ ನಲವತ್ತು ಗ್ರಾಂ ಮಣ್ಣು ಮೆತ್ತೀನಿ. ಇಲ್ಲಂದ್ರ ಎದ್ದು ನಿಂತು ಬೀಳ್ತದ." ಹಾಗೆಯೇ ಬಿತ್ತು. ಮಗನಿಗೂ ಹೇಳಿಲ್ಲ. ಆ ಮಣ್ಣು ತುಳಸಿ ಕಟ್ಟೆಯ ಬುಡದಲ್ಲೇ ಬಿದ್ದಿತ್ತು, ಆರಿಸಿ ಕುಂಕುಮದ ಭರಣಿಯಲ್ಲಿ ಇಟ್ಟಿದ್ದೇನೆ. ಬೈಯುವುದಿದ್ದರೆ ದೀಪಾವಳಿಗೆ ಮೊದಲು ಮನೆಗೆ ಬಂದು ಬೈಯಿರಿ. ಫೋನಿನಲ್ಲಿ ಬೈಯುತ್ತೇನೆಂದರೆ ನಾನೂ ಎತ್ತುವುದಿಲ್ಲ.